ತಿಥಿ ನೋಡಿ ಹೊರಡುವ ಅತಿಥಿ

ಅತಿಥಿ ಎಂಬ ಶಬ್ದಕ್ಕೆ ನಮ್ಮ ಹಿರಿಯರು ಹೇಳುತ್ತ ಬಂದ ಅರ್ಥವೆಂದರೆ ತಿಥಿಯನ್ನು ಗೊತ್ತುಮಾಡದೆ ಬರುವವನು ಎಂಬುದು. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬಂದವನಿಗೆ ಅನ್ನವಿಕ್ಕುವುದು ಮನೆಯವರ ಧರ್ಮ. ಆದರೆ ಈ ಮಾತಿಗೆ ಇನ್ನೊಂದು ಮುಖವೂ ಉಂಟು. ಬರುವವನಿಗೂ ಒಂದು ಧರ್ಮವಿದೆ. ಹಸಿದು ನಡೆದು ಬಂದವನಿಗೆ ಹೊತ್ತು ನೋಡುವ ಅವಕಾಶವಿರುವುದಿಲ್ಲ. ಆರು ತಿಂಗಳು ಮೊದಲೇ ವಿಮಾನದ ಟಿಕೆಟು ಕೊಂಡು ಹೊರಡುವವನಿಗೆ ಆ ಅವಕಾಶವಿರುತ್ತದೆ. ಅವನು ತಾನು ಹೋಗುವ ಊರಿನ ಕಾಲವನ್ನೂ ಅಲ್ಲಿಯ ಜನರ ಅನುಕೂಲವನ್ನೂ ವಿಚಾರಿಸಿಯೇ ಹೆಜ್ಜೆಯಿಡಬೇಕು.

ಈ ವಿಚಾರ ಇಲ್ಲಿ ಬಂದುದಕ್ಕೆ ಕಾರಣವಿದೆ. ಈಚೆಗೆ ಮಠಕ್ಕೆ ಬರುವ ಭಕ್ತರಲ್ಲಿ ಅನೇಕರ ಮಕ್ಕಳು ಯುರೋಪಿನ ದೇಶಗಳಲ್ಲಿ ಉದ್ಯೋಗದಲ್ಲಿದ್ದಾರೆ. ತಂದೆತಾಯಿಗಳನ್ನು ಕರೆಸಿಕೊಂಡು, ಮೆಡಿಟರೇನಿಯನ್ ಸಮುದ್ರದ ದಂಡೆಯ ಊರುಗಳನ್ನು, ಅದರಲ್ಲೂ ಸ್ಪೇನ್ ದೇಶದ ಬಾರ್ಸಿಲೋನಾ ನಗರವನ್ನು ತೋರಿಸಬೇಕೆಂಬುದು ಆ ಮಕ್ಕಳ ಹಂಬಲ. ‘ಯಾವಾಗ ಹೋದರೆ ಒಳಿತು ಬುದ್ಧಿ?’ ಎಂದು ಹಿರಿಯರು ಕೇಳುತ್ತಾರೆ. ಕೆಲವರ ಧ್ವನಿಯಲ್ಲಿ ಪಂಚಾಂಗದ ನಿರೀಕ್ಷೆಯೂ ಇರುತ್ತದೆ.

ಶರಣರು ವಾರ, ತಿಥಿ, ನಕ್ಷತ್ರಗಳ ಭಯವನ್ನು ಕಿತ್ತೊಗೆದವರು. ಶಿವನ ನೆನಹಿಗೆ ಒದಗಿದ ದಿನವೆಲ್ಲ ಒಳ್ಳೆಯ ದಿನವೇ ಎಂಬುದು ಅವರ ನಿಲುವು. ಆದರೆ ಅದೇ ಶರಣರ ಗಣದಲ್ಲಿ ಒಕ್ಕಲಿಗರಿದ್ದರು, ಅಂಬಿಗರಿದ್ದರು, ದನ ಕಾಯುವವರಿದ್ದರು. ಹೊಳೆ ಏರುವ ಕಾಲವಾವುದು, ಬೀಜ ಬಿತ್ತುವ ಹದವಾವುದು ಎಂದು ಅರಿಯದೆ ಅವರ ಕಾಯಕ ಸಾಗುತ್ತಿರಲಿಲ್ಲ. ಮುಹೂರ್ತದ ಭಯ ಬೇರೆ, ಋತುವಿನ ಅರಿವು ಬೇರೆ. ಮೊದಲನೆಯದು ಮನುಷ್ಯನನ್ನು ಕಟ್ಟಿಹಾಕುತ್ತದೆ. ಎರಡನೆಯದು ಅವನನ್ನು ಕಾಪಾಡುತ್ತದೆ. ಆದುದರಿಂದ ರಾಹುಕಾಲವನ್ನು ಬದಿಗಿಟ್ಟು, ಆ ಊರಿನ ಬಿಸಿಲು, ಮಳೆ, ಹಗಲು, ನೀರು, ಜನ ಇವುಗಳನ್ನು ಕುರಿತು ವಿಚಾರಿಸೋಣ.

ಬಾರ್ಸಿಲೋನಾ ಕತಲೋನಿಯಾ ಪ್ರಾಂತ್ಯದ ರಾಜಧಾನಿ. ಒಂದು ಬದಿಗೆ ಸಮುದ್ರ, ಬೆನ್ನಿಗೆ ಕೊಲ್ಸೆರೋಲಾ ಬೆಟ್ಟಸಾಲು, ಎರಡು ಕಡೆ ಬೆಸೋಸ್ ಮತ್ತು ಯೊಬ್ರೆಗಾಟ್ ಎಂಬ ಎರಡು ನದಿಗಳು. ಇವುಗಳ ನಡುವಿನ ಇಕ್ಕಟ್ಟಿನ ನೆಲದಲ್ಲಿ ಹದಿನಾರು ಲಕ್ಷಕ್ಕೂ ಹೆಚ್ಚು ಜನ ವಾಸವಾಗಿದ್ದಾರೆ. ಅಲ್ಲಿಯ ಋತುಕ್ರಮ ನಮ್ಮದಕ್ಕೆ ವಿರುದ್ಧವಾದುದು. ನಮ್ಮಲ್ಲಿ ಬೇಸಗೆಯ ಬೆನ್ನಿಗೇ ಮುಂಗಾರು ಬಂದು ಜೂನಿನಲ್ಲಿ ನೆಲ ತಣಿಯುತ್ತದೆ. ಅಲ್ಲಿ ಜೂನ್ ಬಂತೆಂದರೆ ಮಳೆ ಹಿಂದೆ ಸರಿಯುತ್ತದೆ. ಅಟ್ಲಾಂಟಿಕ್ ಸಾಗರದ ಮೇಲಿನ ಅಧಿಕ ಒತ್ತಡದ ವಲಯವು ಬೇಸಗೆಯಲ್ಲಿ ಉತ್ತರಕ್ಕೆ ಚಾಚಿಕೊಂಡು ಮಳೆ ತರುವ ಗಾಳಿಯನ್ನು ತಡೆಯುವುದೇ ಇದಕ್ಕೆ ಕಾರಣ. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ. ಇದು ನಮ್ಮ ಬಯಲುಸೀಮೆಯ ಅನೇಕ ತಾಲೂಕುಗಳ ಲೆಕ್ಕಕ್ಕೆ ಸಮೀಪವಾದುದು. ಅದರ ಹೆಚ್ಚಿನ ಪಾಲು ಸುರಿಯುವುದು ಶರತ್ಕಾಲದಲ್ಲಿ.

ಈಗ ಒಂದೊಂದೇ ಋತುವನ್ನು ನೋಡೋಣ. ಮಕ್ಕಳು ಸಾಮಾನ್ಯವಾಗಿ ಸೂಚಿಸುವುದು ಜುಲೈ-ಆಗಸ್ಟ್ ತಿಂಗಳುಗಳನ್ನು. ಮೊಮ್ಮಕ್ಕಳಿಗೆ ಶಾಲೆಯ ರಜೆ, ಮಗನಿಗೂ ಕಚೇರಿಯ ರಜೆ. ಹವಾಮಾನದ ಪಟ್ಟಿಯಲ್ಲಿ ಆಗಸ್ಟಿನ ಹಗಲಿನ ಸರಾಸರಿ ಉಷ್ಣತೆ 28-29 ಡಿಗ್ರಿ ಎಂದಿರುವುದನ್ನು ಕಂಡು, ಕಲಬುರಗಿ-ರಾಯಚೂರುಗಳ 42 ಡಿಗ್ರಿಯನ್ನು ಉಂಡವರು ‘ಇದೂ ಒಂದು ಬಿಸಿಲೇ?’ ಎಂದು ನಗಬಹುದು. ನಗುವ ಮುನ್ನ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಅದು ಕಡಲ ತೇವದಿಂದ ಕೂಡಿದ ಸೆಕೆ, ಬೆವರು ಆರುವುದಿಲ್ಲ. ಎರಡನೆಯದು, ಸಮುದ್ರದ ನೀರೇ 25 ಡಿಗ್ರಿಯ ಆಸುಪಾಸಿಗೆ ಕಾದಿರುವುದರಿಂದ ರಾತ್ರಿಯೂ ತಂಪಾಗುವುದಿಲ್ಲ. ದೇಹಕ್ಕೆ ವಿಶ್ರಾಂತಿ ದೊರೆಯುವುದಿಲ್ಲ. ಮೂರನೆಯದು, ಸರಾಸರಿ ಎಂಬುದು ಸರಾಸರಿ ಮಾತ್ರ. ಬಿಸಿಗಾಳಿಯ ಅಲೆ ಬಂದಾಗ ಲೆಕ್ಕವೇ ಬದಲಾಗುತ್ತದೆ. ಹಳೆಯ ಕಟ್ಟಡಗಳ ಅನೇಕ ಮನೆಗಳಲ್ಲಿ ತಂಪುಯಂತ್ರವಿಲ್ಲ; ನಮ್ಮಲ್ಲಿ ಬಡವರ ಮನೆಯಲ್ಲೂ ತಿರುಗುವ ಛಾವಣಿಯ ಫ್ಯಾನು ಕೂಡ ಎಲ್ಲ ಕಡೆ ಕಾಣಸಿಗದು.

ಇದು ಹೆದರಿಸಲು ಹೇಳುವ ಮಾತಲ್ಲ. 2003ರ ಬೇಸಗೆಯಲ್ಲಿ ಯುರೋಪಿನಾದ್ಯಂತ ಬಿಸಿಲಿನ ಬಾಧೆಯಿಂದ 70,000ಕ್ಕೂ ಹೆಚ್ಚು ಜನ ಮಡಿದರೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. 2022ರ ಬೇಸಗೆಯಲ್ಲಿ ಮತ್ತೆ 60,000ಕ್ಕೂ ಮಿಗಿಲು. ಈ ಎರಡನೆಯ ಅಂದಾಜನ್ನು ಸಿದ್ಧಪಡಿಸಿದವರಲ್ಲಿ ಬಾರ್ಸಿಲೋನಾದ ಜಾಗತಿಕ ಆರೋಗ್ಯ ಸಂಸ್ಥೆಯ ವಿದ್ವಾಂಸರೇ ಪ್ರಮುಖರು. ಹೀಗೆ ಮಡಿದವರಲ್ಲಿ ಹೆಚ್ಚಿನವರು ವೃದ್ಧರು. ರಕ್ತದೊತ್ತಡಕ್ಕೂ ಹೃದಯಕ್ಕೂ ಗುಳಿಗೆ ನುಂಗುವ ಎಪ್ಪತ್ತರ ಹಿರಿಯರನ್ನು, ಮೊಮ್ಮಕ್ಕಳ ರಜೆಯ ಕಾರಣಕ್ಕಾಗಿ, ಆಗಸ್ಟಿನ ಮಧ್ಯಾಹ್ನ ಕಲ್ಲುಹಾಸಿನ ಬೀದಿಗಳಲ್ಲಿ ನಡೆಸುವುದು ಪ್ರೀತಿಯಾದರೂ ವಿವೇಕವಲ್ಲ.

ಆ ನಗರದವರು ಈ ಸಂಕಟಕ್ಕೆ ಕಂಡುಕೊಂಡ ಒಂದು ಉಪಾಯ ನಮಗೆ ಹಿಡಿಸಿತು. ಗ್ರಂಥಾಲಯ, ಶಾಲೆಯ ಅಂಗಳ, ಉದ್ಯಾನ, ವಸ್ತುಸಂಗ್ರಹಾಲಯಗಳನ್ನು ಗುರುತಿಸಿ, ಬಿಸಿಲಿನಿಂದ ಬಳಲಿದವರು ಬಂದು ಕುಳಿತು ದಣಿವಾರಿಸಿಕೊಳ್ಳುವ ಆಶ್ರಯತಾಣಗಳೆಂದು ನಗರಸಭೆ ಅವುಗಳ ಜಾಲವನ್ನು ರಚಿಸಿದೆ. ನಮ್ಮ ಅರವಟ್ಟಿಗೆಯ ಸೋದರಸಂಬಂಧಿ ಎಂದು ಇದನ್ನು ಕರೆಯಬಹುದು. ಅನಿವಾರ್ಯವಾಗಿ ಬೇಸಗೆಯಲ್ಲೇ ಹೋಗಬೇಕಾದವರು ತಮ್ಮ ವಸತಿಗೆ ಹತ್ತಿರದ ಇಂಥ ತಾಣ ಎಲ್ಲಿದೆಯೆಂದು ಮೊದಲೇ ತಿಳಿದಿಡುವುದು ಒಳಿತು. ಬೆಳಿಗ್ಗೆ ಹನ್ನೊಂದರೊಳಗೆ, ಸಂಜೆ ಆರರ ಮೇಲೆ ಮಾತ್ರ ಹೊರಗೆ ತಿರುಗಾಡಬೇಕು. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಯ ಹೊತ್ತಿಗಾದ್ದರಿಂದ ಸಂಜೆಯ ಸಮಯ ಸಾಕಷ್ಟು ದೊರೆಯುತ್ತದೆ.

ಇನ್ನು ಶರತ್ಕಾಲ. ಸೆಪ್ಟೆಂಬರಿನ ಕೊನೆಗೆ ಸೆಕೆ ಇಳಿಯುತ್ತದೆ; ಅಕ್ಟೋಬರಿನ ಹಗಲು 22 ಡಿಗ್ರಿಯ ಹದದಲ್ಲಿರುತ್ತದೆ. ಸೆಪ್ಟೆಂಬರ್ 24 ಆ ಊರಿನ ದೊಡ್ಡ ಹಬ್ಬ ‘ಮೆರ್ಸೆ’ಯ ದಿನ. ಅಂದು ಚೌಕಗಳಲ್ಲಿ ಮನುಷ್ಯರ ಗೋಪುರ ಕಟ್ಟುತ್ತಾರೆ. ಒಬ್ಬರ ಹೆಗಲ ಮೇಲೊಬ್ಬರು ಏರಿ ಏಳೆಂಟು ಅಂತಸ್ತು ನಿಂತಾಗ, ತುದಿಗೇರಿ ಕೈಯೆತ್ತುವುದು ಒಂದು ಪುಟ್ಟ ಮಗು. ಬುಡದಲ್ಲಿ ನೂರಾರು ಜನ ಒತ್ತಾಗಿ ನಿಂತು ಭಾರ ಹೊರುತ್ತಾರೆ. ಬಿದ್ದವರಿಗೆ ಮೆತ್ತೆಯಾಗುವವರೂ ಅವರೇ. ನೋಡುವವರ ಕಣ್ಣು ತುದಿಯ ಮಗುವಿನ ಮೇಲೆ. ಗೋಪುರ ನಿಂತಿರುವುದು ಹೆಸರಿಲ್ಲದ ಬುಡದವರ ಮೇಲೆ. 2010ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಮಳೆಯ ಭಯವಿರುವುದೂ ಈ ಕಾಲದಲ್ಲೇ. ಬೇಸಗೆಯಿಡೀ ಕಾದ ಸಮುದ್ರದ ಮೇಲೆ, ಎತ್ತರದಲ್ಲಿ ಉತ್ತರದ ತಣ್ಣನೆಯ ಗಾಳಿ ಬಂದು ನಿಂತಾಗ ಕೆಲವೇ ಗಂಟೆಗಳಲ್ಲಿ ಕುಂಭದ್ರೋಣ ಮಳೆ ಸುರಿಯುತ್ತದೆ. 2024ರ ಅಕ್ಟೋಬರ್ 29ರಂದು ಇದೇ ಕರಾವಳಿಯ ವೆಲೆನ್ಸಿಯಾ ಪ್ರಾಂತ್ಯದಲ್ಲಿ ಹೀಗೆ ಸುರಿದ ಮಳೆಯ ಪ್ರವಾಹಕ್ಕೆ 200ಕ್ಕೂ ಹೆಚ್ಚು ಜನ ಬಲಿಯಾದರು. ಪ್ರತಿ ವರ್ಷ ಹಾಗಾಗುವುದಿಲ್ಲ. ಆದರೂ ಶರತ್ಕಾಲದಲ್ಲಿ ಹೋಗುವವರು ದಿನದಿನದ ಹವಾಮಾನದ ಎಚ್ಚರಿಕೆಯನ್ನು ಕೇಳಬೇಕು. ಒಣಗಿದಂತೆ ಕಾಣುವ ಹಳ್ಳದ ಪಾತ್ರದಲ್ಲಿ ನಿಲ್ಲಬಾರದು.

ಚಳಿಗಾಲ ಅಲ್ಲಿ ಉತ್ತರ ಯುರೋಪಿನಂತೆ ಕ್ರೂರವಲ್ಲ. ಜನವರಿಯ ಹಗಲು 14 ಡಿಗ್ರಿಯ ಸಮೀಪ. ನಗರದಲ್ಲಿ ಹಿಮ ಬೀಳುವುದು ಅಪರೂಪ. ಆಕಾಶ ಬಹುಪಾಲು ದಿನ ಶುಭ್ರವಾಗಿರುತ್ತದೆ, ವಸತಿಯ ಬಾಡಿಗೆ ಇಳಿದಿರುತ್ತದೆ, ನೋಡತಕ್ಕ ಸ್ಥಳಗಳಲ್ಲಿ ಸಾಲು ಚಿಕ್ಕದಾಗಿರುತ್ತದೆ. ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲಲ್ಲಿ ನಡೆಯುವ ಮೊಬೈಲ್ ಉದ್ಯಮದ ಜಾಗತಿಕ ಸಮ್ಮೇಳನದ ವಾರವೊಂದನ್ನು ಬಿಟ್ಟುಬಿಡಬೇಕು. ಆಗ ಕೋಣೆಗಳ ಬೆಲೆ ಗಗನಕ್ಕೇರುತ್ತದೆ. ಚಳಿಗಾಲದ ಕೊರತೆಯೆಂದರೆ ಹಗಲು ಚಿಕ್ಕದು. ಡಿಸೆಂಬರಿನ ಕೊನೆಯಲ್ಲಿ ಸೂರ್ಯ ಹುಟ್ಟುವುದು ಎಂಟು ಗಂಟೆ ದಾಟಿದ ಮೇಲೆ, ಮುಳುಗುವುದು ಐದೂವರೆಯೊಳಗೆ. ಉದಯಕ್ಕೆ ಸರಿಯಾಗಿ ಇಷ್ಟಲಿಂಗ ಪೂಜೆ ಮಾಡುವ ವ್ರತವುಳ್ಳವರು ಇದನ್ನು ನೆನಪಿಟ್ಟು ದಿನಚರಿ ಹೊಂದಿಸಿಕೊಳ್ಳಬೇಕು. ಸ್ಪೇನ್ ದೇಶದ ಗಡಿಯಾರ ಸೂರ್ಯನಿಗಿಂತ ಮುಂದೆ ಓಡುತ್ತದೆ. ಇಂಗ್ಲೆಂಡಿನ ರೇಖಾಂಶದಲ್ಲಿದ್ದೂ ಅವರು 1940ರಿಂದ ಜರ್ಮನಿಯ ಕಾಲಮಾನವನ್ನು ಅನುಸರಿಸುತ್ತಿದ್ದಾರೆ.

ಉಳಿದುದು ವಸಂತ. ಏಪ್ರಿಲ್ ಮಧ್ಯದಿಂದ ಮೇ ಅಂತ್ಯದವರೆಗಿನ ಆರು ವಾರಗಳೇ ಎಲ್ಲ ಲೆಕ್ಕದಿಂದಲೂ ಉತ್ತಮವೆಂದು ನಮ್ಮ ಅಭಿಪ್ರಾಯ. ಹಗಲು 18ರಿಂದ 22 ಡಿಗ್ರಿ. ಸಂಜೆಗೆ ಒಂದು ಶಾಲು ಸಾಕು. ಆಗಾಗ ಹನಿಯುವ ಮಳೆ ತೊಂದರೆ ಕೊಡುವುದಿಲ್ಲ. ಈಸ್ಟರ್ ಹಬ್ಬದ ವಾರದಲ್ಲಿ ಮಾತ್ರ ಜನಸಂದಣಿ ಹೆಚ್ಚು. ನಮ್ಮ ಕುಟುಂಬಗಳಿಗೂ ಇದು ಹೊಂದುವ ಕಾಲ. ಇಲ್ಲಿಯ ಶಾಲೆಗಳಿಗೆ ಬೇಸಗೆಯ ರಜೆ. ಒಕ್ಕಲುತನದ ಮನೆಗಳಲ್ಲಿ ಸುಗ್ಗಿ ಮುಗಿದು ಮುಂಗಾರಿನ ಬಿತ್ತನೆಗೆ ಇನ್ನೂ ಬಿಡುವಿರುತ್ತದೆ. ಬಸವ ಜಯಂತಿ ಬರುವುದೂ ಈ ಅವಧಿಯಲ್ಲೇ. ಅದನ್ನು ಊರಿನಲ್ಲಿ ಆಚರಿಸಿ ಹೊರಡಬಹುದು. ಇಲ್ಲವೇ ಮಕ್ಕಳ ಮನೆಯಲ್ಲಿ, ಅಲ್ಲಿಯ ನಾಲ್ಕಾರು ಕುಟುಂಬಗಳನ್ನು ಕೂಡಿಸಿ ಆಚರಿಸಿದರೆ ಮೊಮ್ಮಕ್ಕಳಿಗೆ ಅದೇ ದೊಡ್ಡ ಪಾಠವಾದೀತು.

ವಸಂತದ ಪಕ್ಷ ವಹಿಸಲು ನಮಗೆ ಇನ್ನೊಂದು ಕಾರಣವಿದೆ. ಏಪ್ರಿಲ್ 23 ಅಲ್ಲಿ ಸಂತ ಜೋರ್ದಿಯ ದಿನ. ಅಂದು ಊರಿನ ಬೀದಿಬೀದಿಯಲ್ಲಿ ಗುಲಾಬಿ ಮತ್ತು ಪುಸ್ತಕಗಳ ಅಂಗಡಿಗಳು. ಪ್ರೀತಿಪಾತ್ರರು ಪರಸ್ಪರ ಹೂವನ್ನೂ ಹೊತ್ತಗೆಯನ್ನೂ ಕೊಟ್ಟುಕೊಳ್ಳುತ್ತಾರೆ. ಗುಲಾಬಿಯ ಪದ್ಧತಿ ಪ್ರಾಚೀನ. ಪುಸ್ತಕದ ದಿನವನ್ನು ಸೂಚಿಸಿದವನು ಬಾರ್ಸಿಲೋನಾದಲ್ಲಿ ನೆಲೆಸಿದ್ದ ವಿಸೆಂತ್ ಕ್ಲಾವೆಲ್ ಎಂಬ ಪ್ರಕಾಶಕ. 1926ರಲ್ಲಿ ಅಕ್ಟೋಬರಿನಲ್ಲಿ ಆರಂಭವಾದ ಅದು 1930ರಲ್ಲಿ ಏಪ್ರಿಲ್ 23ಕ್ಕೆ ಬಂತು. 1995ರಲ್ಲಿ ಯುನೆಸ್ಕೋ ಅದೇ ದಿನವನ್ನು ವಿಶ್ವ ಪುಸ್ತಕ ದಿನವೆಂದು ಸಾರಿತು. ಕತ್ತಲೋಣಿಯ ತಾಳೆಗರಿಗಳಲ್ಲಿ ವಚನಗಳನ್ನು ಉಳಿಸಿಕೊಂಡು ಬಂದ ಸಮಾಜಕ್ಕೆ, ಪುಸ್ತಕವನ್ನು ಬೀದಿಯ ಹಬ್ಬವಾಗಿಸಿದ ಊರು ಪರಕೀಯವೆನಿಸದು.

ಈಗ ನೋಡತಕ್ಕ ಸ್ಥಳಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇವೆ. ಏಕೆಂದರೆ ಇವೆರಡರಲ್ಲೂ ಕಾಲದ ಪ್ರಶ್ನೆ ಅಡಗಿದೆ. ಮೊದಲನೆಯದು ‘ಸಗ್ರಾದಾ ಫಮೀಲಿಯಾ’ ಎಂಬ ಮಹಾ ದೇಗುಲ. 1882ರಲ್ಲಿ ಆರಂಭವಾದ ಇದರ ಹೊಣೆಯನ್ನು ಮರುವರ್ಷ ವಹಿಸಿಕೊಂಡ ಅಂತೋನಿ ಗೌದಿ ತನ್ನ ಕೊನೆಯ ವರ್ಷಗಳನ್ನು ಇದೊಂದಕ್ಕೇ ಮೀಸಲಿಟ್ಟನು. 1926ರ ಜೂನಿನಲ್ಲಿ ಟ್ರಾಮು ಬಡಿದು ಬಿದ್ದಾಗ, ಅವನ ಹಳೆಯ ಉಡುಪನ್ನು ಕಂಡು ಭಿಕ್ಷುಕನೆಂದು ತಿಳಿದರಂತೆ. ಮೂರು ದಿನಗಳ ಬಳಿಕ ತೀರಿಕೊಂಡನು. ಭಕ್ತರ ಕಾಣಿಕೆಯಿಂದ ಕಟ್ಟಲೆಂದು ಆರಂಭವಾದ ಈ ದೇಗುಲಕ್ಕೆ ಇಂದು ನೋಡಬರುವವರ ಪ್ರವೇಶಧನವೂ ದೊಡ್ಡ ಆಧಾರ. ನಡುಗೋಪುರದ ಎತ್ತರವನ್ನು 172.5 ಮೀಟರಿಗೆ ನಿಲ್ಲಿಸಿದ್ದು, ದೇವರು ನಿರ್ಮಿಸಿದ ಸಮೀಪದ ಮೊಂಜುಯಿಕ್ ಬೆಟ್ಟವನ್ನು ಮನುಷ್ಯನ ಕೆಲಸ ಮೀರಬಾರದೆಂಬ ಭಾವದಿಂದ ಎಂದು ಹೇಳುತ್ತಾರೆ. ಪೂರ್ವದ ಗಾಜಿನ ಕಿಟಕಿಗಳಿಗೆ ನೀಲಿ-ಹಸುರು, ಪಶ್ಚಿಮದವಕ್ಕೆ ಕೆಂಪು-ಕಿತ್ತಳೆ ಬಣ್ಣ. ಬೆಳಿಗ್ಗೆ ಹೋದವರು ಕಾಣುವುದು ಒಂದು ಬೆಳಕು, ಸಂಜೆ ಹೋದವರು ಕಾಣುವುದು ಇನ್ನೊಂದು. ಟಿಕೆಟನ್ನು ಮೊದಲೇ ಕಾದಿರಿಸಬೇಕು.

ಎರಡನೆಯದು ನಗರದಿಂದ ಸುಮಾರು 50 ಕಿಲೋಮೀಟರು ದೂರದ ಮೊಂಟ್ಸೆರಾಟ್ ಬೆಟ್ಟದ ಮಠ. ಗರಗಸದ ಹಲ್ಲಿನಂತಿರುವ ಬಂಡೆಗಳ ನಡುವೆ, 700 ಮೀಟರಿಗೂ ಹೆಚ್ಚು ಎತ್ತರದಲ್ಲಿ ಈ ಬೆನೆಡಿಕ್ಟಿನ್ ಮಠವಿದೆ. 1025ರಲ್ಲಿ ಒಲೀಬಾ ಎಂಬ ಮಠಾಧಿಪತಿ ಸ್ಥಾಪಿಸಿದ ಇದಕ್ಕೆ 2025ರಲ್ಲಿ ಸಾವಿರ ವರ್ಷ ತುಂಬಿತು. ಬಂದ ಅತಿಥಿಯಲ್ಲಿ ದೇವರನ್ನೇ ಕಾಣಬೇಕೆಂಬುದು ಆ ಪಂಥದ ಮೂಲ ಕಟ್ಟಳೆಗಳಲ್ಲೊಂದು. ಜಂಗಮ ದಾಸೋಹದಲ್ಲಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಬರೆದ ಒಂದು ಹಸ್ತಪ್ರತಿ ಅಲ್ಲಿದೆ. ಈಗಿನ ಕೆಂಪು ಹೊದಿಕೆಯಿಂದಾಗಿ ಅದನ್ನು ‘ಕೆಂಪು ಪುಸ್ತಕ’ ಎನ್ನುತ್ತಾರೆ. ರಾತ್ರಿ ಜಾಗರಣೆ ಮಾಡುವ ಯಾತ್ರಿಕರು ಹಾಡಿ ಕುಣಿಯಲು ಬಯಸುತ್ತಾರೆ, ಅವರಿಗೆ ಯೋಗ್ಯವಾದ ಹಾಡುಗಳಿರಲಿ ಎಂದು ಮಠದವರೇ ಅದರಲ್ಲಿ ಹಾಡುಗಳನ್ನು ಬರೆದಿಟ್ಟರು. ಭಕ್ತರ ಉತ್ಸಾಹವನ್ನು ಗದರಿಸದೆ ಅದಕ್ಕೊಂದು ಹಾದಿ ಮಾಡಿಕೊಟ್ಟ ಆ ಗುರುಗಳ ಜಾಣ್ಮೆ ದೊಡ್ಡದು. ಅಲ್ಲಿಯ ಬಾಲಕರ ಗಾಯನಮಂಡಳಿ ಯುರೋಪಿನ ಅತಿ ಪ್ರಾಚೀನ ಮಂಡಳಿಗಳಲ್ಲಿ ಒಂದು. ಆದರೆ ಅವರೂ ಶಾಲೆಯ ಮಕ್ಕಳೇ. ಬೇಸಗೆಯ ರಜೆಯಲ್ಲಿ ಅವರ ಗಾಯನ ಕೇಳಸಿಗುವುದಿಲ್ಲ. ವಸಂತದಲ್ಲಿ ಹೋದವರಿಗೆ ಆ ಭಾಗ್ಯವುಂಟು.

ಊಟದ ವಿಷಯದಲ್ಲಿಯೂ ಋತುವಿಗೆ ಮಾತಿದೆ. ಜನವರಿಯಿಂದ ಮಾರ್ಚ್ ಕೊನೆಯವರೆಗೆ ‘ಕಲ್ಸೋಟ್’ ಎಂಬ ಎಳೆ ಈರುಳ್ಳಿಯನ್ನು ಬೆಂಕಿಯಲ್ಲಿ ಸುಟ್ಟು, ಬಾದಾಮಿಯ ಗೊಜ್ಜಿನೊಡನೆ ತಿನ್ನುತ್ತಾರೆ. ಸುಟ್ಟ ಬದನೆ-ದೊಣ್ಣೆಮೆಣಸಿನಕಾಯಿಗಳ ‘ಎಸ್ಕಲಿವಾದಾ’, ಟೊಮೆಟೊ ತಿಕ್ಕಿ ಎಣ್ಣೆ ಸವರಿದ ರೊಟ್ಟಿ ವರ್ಷವಿಡೀ ದೊರೆಯುತ್ತವೆ. ಆದರೆ ಸೊಪ್ಪಿನ ಪಲ್ಯದಲ್ಲಿಯೂ ಮಾಂಸದ ಚೂರು ಬೆರೆಸುವ ರೂಢಿ ಅಲ್ಲಿದೆ. ಮಾಂಸವೂ ಮೀನೂ ಬೇಡವೆಂದು ಎರಡನ್ನೂ ಹೆಸರಿಸಿ ಹೇಳಬೇಕು.

ಇನ್ನು ನಾವು ಮೊದಲೇ ಸೂಚಿಸಿದ ವಿಷಯಕ್ಕೆ, ಅಂದರೆ ಮನೆಯವರ ಅನುಕೂಲಕ್ಕೆ ಬರೋಣ. 2021ರಿಂದ ಸತತ ಮೂರು ವರ್ಷ ಕತಲೋನಿಯಾಕ್ಕೆ ಬರಗಾಲ ಬಂತು. ಜಲಾಶಯಗಳ ನೀರು 16 ಪ್ರತಿಶತಕ್ಕಿಂತ ಕೆಳಗಿಳಿದಾಗ, 2024ರ ಫೆಬ್ರವರಿ 1ರಂದು ಬಾರ್ಸಿಲೋನಾ ಮತ್ತು ಸುತ್ತಲಿನ ಊರುಗಳಲ್ಲಿ ಜಲ ತುರ್ತುಸ್ಥಿತಿ ಸಾರಿದರು. 1960ರ ದಶಕದಲ್ಲಿ ಸಾವು ಜಲಾಶಯದಲ್ಲಿ ಮುಳುಗಿದ್ದ ಹಳ್ಳಿಯ ಹಳೆಯ ಇಗರ್ಜಿ ಬುಡದವರೆಗೆ ಹೊರಗೆ ಕಂಡಿತು. ಆ ವಸಂತದ ಮಳೆಯಿಂದ ಮೇ ತಿಂಗಳಲ್ಲಿ ತುರ್ತುಸ್ಥಿತಿ ತೆರವಾಯಿತು. ಮನೆಯವರು ಕೊಡ ಲೆಕ್ಕಮಾಡಿ ನೀರು ಬಳಸುವಾಗ, ಬಂದವನು ತೊಟ್ಟಿ ತುಂಬ ಸ್ನಾನ ಮಾಡಿದರೆ ಅವರ ಮನಸ್ಸು ಹೇಗಿದ್ದೀತು? ಬರದ ಸೀಮೆಯಿಂದ ಹೋಗುವ ನಮ್ಮವರಿಗೆ ಇದು ತಿಳಿಯದ ನೋವಲ್ಲ.

ನೀರಿಗಿಂತ ಆಳವಾದ ಸಂಕಟ ವಸತಿಯದು. 1992ರ ಒಲಿಂಪಿಕ್ ಕ್ರೀಡೆಗಳ ನಂತರ ಜಗತ್ತಿನ ಕಣ್ಣು ಆ ಊರಿನ ಮೇಲೆ ಬಿತ್ತು. ಮನೆಗಳು ಪ್ರವಾಸಿಗಳ ತಂಗುದಾಣಗಳಾದವು, ಬಾಡಿಗೆ ಏರಿತು, ತಲೆಮಾರುಗಳಿಂದ ಇದ್ದವರು ಓಣಿ ಬಿಡಬೇಕಾಯಿತು. 2024ರ ಜುಲೈ 6ರಂದು ಸಾವಿರಾರು ನಿವಾಸಿಗಳು ಮೆರವಣಿಗೆ ನಡೆಸಿದರು. ಕೆಲವರು ಹೊಟೇಲುಗಳ ಮುಂದೆ ಕುಳಿತ ಪ್ರವಾಸಿಗಳ ಮೇಲೆ ಆಟಿಕೆಯ ಪಿಸ್ತೂಲಿನಿಂದ ನೀರು ಚಿಮ್ಮಿಸಿದರು. ಅದಕ್ಕೂ ಕೆಲವು ದಿನ ಮೊದಲು ಅಲ್ಲಿಯ ಮೇಯರ್, ಪ್ರವಾಸಿಗಳಿಗೆ ಬಾಡಿಗೆ ಕೊಡುವ ಸುಮಾರು 10,000 ಮನೆಗಳ ಪರವಾನಗಿಗಳನ್ನು 2028ರ ನವೆಂಬರಿನೊಳಗೆ ಕೊನೆಗೊಳಿಸುವುದಾಗಿ ಪ್ರಕಟಿಸಿದ್ದರು. ನೀರು ಚಿಮ್ಮಿಸಿದ್ದು ಸರಿಯೆಂದು ನಾವು ಹೇಳುವುದಿಲ್ಲ. ಆದರೆ ಮನೆ ಕಳೆದುಕೊಳ್ಳುವವನ ಸಿಟ್ಟನ್ನು ಅರಿಯದಿರುವುದೂ ಧರ್ಮವಲ್ಲ. ಜನ ಕಿಕ್ಕಿರಿಯುವ ಬೇಸಗೆಯನ್ನು ಬಿಡುವುದು, ನಿವಾಸಿಗಳ ಮನೆಯನ್ನು ಕಸಿಯುವ ವಸತಿಗೆ ಬದಲು ಹೊಟೇಲು ಅಥವಾ ಪರಿಚಿತರ ಮನೆಯನ್ನು ಆರಿಸುವುದು, ಒಂದೇ ದಿನ ಹತ್ತು ಸ್ಥಳ ಓಡುವುದಕ್ಕೆ ಬದಲು ನಾಲ್ಕು ದಿನ ನಿಂತು ನಿಧಾನವಾಗಿ ನೋಡುವುದು: ಇಷ್ಟಾದರೂ ನಮ್ಮ ಕೈಯಲ್ಲಿದೆ.

ಅದೇ ಊರು ಹಸಿದವರ ಪಂಕ್ತಿಯನ್ನೂ ಕಂಡಿದೆ. 2004ರ ಜುಲೈ 7ರಿಂದ 13ರವರೆಗೆ ಅಲ್ಲಿ ವಿಶ್ವಧರ್ಮಗಳ ಸಮ್ಮೇಳನ ನಡೆಯಿತು. ಆಗ ಇಂಗ್ಲೆಂಡಿನ ಸಿಖ್ಖರು ಕಡಲ ಸಮೀಪ ಲಂಗರು ನಡೆಸಿ, ಬಂದವರೆಲ್ಲರಿಗೂ ದಿನವೂ ಸಸ್ಯಾಹಾರ ನೀಡಿದರು. ಪರಸ್ಥಳದಿಂದ ಬಂದವರೇ ಅಲ್ಲಿ ಅತಿಥೇಯರಾದರು. ಪ್ರವಾಸಿಯು ಪಡೆಯುವವನಷ್ಟೇ ಅಲ್ಲ, ಕೊಡುವವನೂ ಆಗಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕೊನೆಯದಾಗಿ ವ್ಯವಹಾರದ ಎರಡು ಮಾತು. ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ವಸಂತದಲ್ಲಿ ಹೊರಡುವವರು ಸಂಕ್ರಾಂತಿಯ ಹೊತ್ತಿಗೇ ಸಿದ್ಧತೆ ನಡೆಸಿದರೆ ಕ್ಷೇಮ. ಅಂಥ ವೀಸಾದ ಮೇಲೆ 180 ದಿನಗಳಲ್ಲಿ 90 ದಿನ ಮೀರಿ ನಿಲ್ಲುವಂತಿಲ್ಲ. ನಿತ್ಯದ ಔಷಧಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ರಾಂಬ್ಲಾ ಬೀದಿಯಲ್ಲಿಯೂ ಮೆಟ್ರೋ ರೈಲಿನಲ್ಲಿಯೂ ಜೇಬುಗಳ್ಳರ ಬಗ್ಗೆ ಎಚ್ಚರವಿರಲಿ.

ಮಕ್ಕಳಿಗೂ ಒಂದು ಮಾತು. ತಂದೆತಾಯಿಗಳನ್ನು ಕರೆಸಿಕೊಳ್ಳುವಾಗ ನಿಮ್ಮ ರಜೆಯ ಪಟ್ಟಿಯನ್ನು ಮೊದಲು ನೋಡಬೇಡಿರಿ; ಅವರ ದೇಹದ ಶಕ್ತಿಯನ್ನು ಮೊದಲು ನೋಡಿರಿ. ಮೊಮ್ಮಕ್ಕಳು ಶಾಲೆಗೆ ಹೋದ ವೇಳೆ ಅವರು ಮನೆಯಲ್ಲಿ ವಿಶ್ರಮಿಸಿದರೂ ನಷ್ಟವಿಲ್ಲ. ಒಂದು ವಾರಾಂತ್ಯಕ್ಕೆ ಎರಡು ದಿನ ರಜೆ ಸೇರಿಸಿದರೆ ವಸಂತದ ಬಾರ್ಸಿಲೋನಾ ನಾಲ್ಕು ದಿನಕ್ಕೆ ಒದಗುತ್ತದೆ. ಹಿರಿಯರು ಸುಖವಾಗಿ ಹೋಗಿ, ಆ ಊರಿನವರಿಗೆ ಭಾರವಾಗದೆ ಇದ್ದು, ಆರೋಗ್ಯದಿಂದ ಮರಳಿ ಬಂದರೆ, ಅವರು ಹೊರಟ ದಿನ ಅಮಾವಾಸ್ಯೆಯಾಗಿದ್ದರೂ ಅದು ಸುದಿನವೇ.